ಗೋಡೆಯ ಮೇಲಿಲ್ಲದ ಎರಡು ಸಾಲು

ಗೋಡೆಯ ಮೇಲಿನ ಅಕ್ಷರಗಳು ಮುಗಿದಿದ್ದವು. ಹುಡುಗಿ ಇನ್ನೂ ಓದುತ್ತಿದ್ದಳು.

"ಕನ್ನಡಕ ಹಾಕಿಕೊಂಡ ಕತ್ತೆ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಿತು," ಎಂದಳು, ಗಟ್ಟಿಯಾಗಿ, ಎಲ್ಲಿಯೂ ತಡವರಿಸದೆ. "ಅಂಗಡಿಯವನು ನಕ್ಕನು. ಕತ್ತೆ ನಗಲಿಲ್ಲ." ಅಷ್ಟು ಹೇಳಿ ಕೈಕಟ್ಟಿ ನಿಂತಳು. ಸಭಾಂಗಣದ ತುಂಬ ಚಪ್ಪಾಳೆ ಎದ್ದಿತು. ಓದು ಕಲಿಸುವ ಯಂತ್ರ ಮಾಡಿದ ತರುಣ ವೇದಿಕೆಯ ಪಕ್ಕದಲ್ಲಿ ನಿಂತು ಕೈಮುಗಿದು ಎಲ್ಲ ದಿಕ್ಕಿಗೂ ಬಾಗಿದ.

ತೀರ್ಪುಗಾರರ ಮೇಜಿನ ಕೊನೆಯಲ್ಲಿ ಕೂತಿದ್ದ ಮೇಡಂ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಗೋಡೆ ನೋಡಿದರು, ತಮ್ಮ ಮುಂದಿದ್ದ ಹಾಳೆ ನೋಡಿದರು, ಮತ್ತೆ ಗೋಡೆ ನೋಡಿದರು. ಗೋಡೆಯ ಮೇಲೆ ಕಾಣುತ್ತಿದ್ದ ಕೊನೆಯ ವಾಕ್ಯ, 'ಅಂಗಡಿಯವನು ಒಂದು ಕನ್ನಡಕ ತೆಗೆದುಕೊಟ್ಟನು.' ಹಾಳೆಯಲ್ಲಿ ಅದರ ಕೆಳಗೆ ಇನ್ನೂ ಎರಡು ಸಾಲುಗಳಿದ್ದವು. ಹಿಂದೆ ಕೂತವರಿಗೂ ಕಾಣಲಿ ಎಂದು ಪ್ರೊಜೆಕ್ಟರಿನವನು ಈ ಹುಡುಗಿಯ ಸರದಿಯಲ್ಲಿ ಅಕ್ಷರ ದೊಡ್ಡದು ಮಾಡಿದ್ದ. ಆ ಎರಡು ಸಾಲು ಕೆಳಗೆ ಜಾರಿ ಮರೆಯಾಗಿದ್ದವು. ಅದು ಯಾರ ಗಮನಕ್ಕೂ ಬಂದಿರಲಿಲ್ಲ, ಯಾಕೆಂದರೆ ಅಷ್ಟು ಜನರಲ್ಲಿ ಯಾರೂ ಓದುತ್ತಿರಲಿಲ್ಲ. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರು.

ಮೇಡಂ ನಿವೃತ್ತಿಯಾಗುವವರೆಗೂ ಒಂದನೇ ತರಗತಿಗೆ ಅಕ್ಷರ ಕಲಿಸಿದವರು. ಈಗ ಕಲಿಸುವುದು ಹೇಗೆಂದು ಬೇರೆ ಶಿಕ್ಷಕರಿಗೆ ಹೇಳಿಕೊಡುತ್ತಿದ್ದರು. ಶಿಕ್ಷಕರು ಬೆನ್ನ ಹಿಂದೆ ಅವರನ್ನು 'ಮೆಣಸಿನಕಾಯಿ ಮೇಡಂ' ಎನ್ನುತ್ತಿದ್ದರು. ಅದು ಕಿವಿಗೆ ಬೀಳದಿರುವಷ್ಟು ಅಗಲದ ಬೆನ್ನು ತನ್ನದಲ್ಲ ಎಂದು ಮೇಡಂ ಗಂಡನ ಹತ್ತಿರ ಹೇಳಿ ನಕ್ಕಿದ್ದರು. ಓದುವ ಮಗು ಹೇಗಿರುತ್ತದೆ ಎಂಬುದು ಅವರಿಗೆ ಗೊತ್ತು. ಕಣ್ಣು ದನಿಗಿಂತ ಒಂದು ಪದ ಮುಂದಿರುತ್ತದೆ, ಒತ್ತಕ್ಷರ ಬಂದಲ್ಲಿ ನಾಲಿಗೆ ಎಡವುತ್ತದೆ, ಸಾಲು ಮುಗಿದಲ್ಲಿ ಕತ್ತು ಹೊರಳುತ್ತದೆ. ಈ ಹುಡುಗಿಯ ಕಣ್ಣು ಮೊದಲಿನಿಂದ ಕೊನೆಯವರೆಗೂ ಛಾವಣಿಯ ದೀಪದ ಮೇಲಿತ್ತು.

ಶಿಕ್ಷಣದಲ್ಲಿ ಹೊಸ ವಿಧಾನಗಳ ಸ್ಪರ್ಧೆಯ ಕೊನೆಯ ಸುತ್ತು ಅದು. ಓದಲು ಬಾರದ ಒಂದೊಂದು ಮಗುವನ್ನು ಒಬ್ಬೊಬ್ಬ ಸ್ಪರ್ಧಿ ತೆಗೆದುಕೊಂಡು, ತನ್ನ ವಿಧಾನದಲ್ಲಿ ಕಲಿಸಿ, ಅದು ಹಿಂದೆಂದೂ ನೋಡಿರದ ಒಂದು ಪುಟವನ್ನು ಎಲ್ಲರೆದುರು ಓದಿಸಬೇಕು. ಗೆದ್ದ ವಿಧಾನ ಮುಂದಿನ ವರ್ಷ ಎಲ್ಲ ಸರ್ಕಾರಿ ಶಾಲೆಗಳಿಗೆ ಹೋಗುತ್ತದೆ. ಪುಟ ಬರೆದುಕೊಟ್ಟವರು ಮೇಡಂ. ನೀತಿ ಹೇಳುವ ಪಾಠಗಳನ್ನು ಜೀವನವಿಡೀ ಓದಿಸಿ ಸಾಕಾಗಿ, ಕನ್ನಡಕ ಕೊಳ್ಳಲು ಹೋದ ಕತ್ತೆಯ ಕಥೆ ಬರೆದಿದ್ದರು. ಬೆಳಗ್ಗೆಯಿಂದ ಮೂರು ಮಕ್ಕಳು ಅದನ್ನು ನೀರು ಕುಡಿದಷ್ಟು ಸಲೀಸಾಗಿ ಓದಿದ್ದವು. ತನಗೆ ವಯಸ್ಸಾಯಿತು, ಲೋಕ ಸುಧಾರಿಸಿತು ಎಂದುಕೊಂಡು ಮೇಡಂ ಮೂರಕ್ಕೂ ಕೈತುಂಬ ಅಂಕ ಕೊಟ್ಟಿದ್ದರು. ಇವಳು ನಾಲ್ಕನೆಯವಳು.

"ಈ ಮಗುವಿಗೆ ಇನ್ನು ವಿಶೇಷ ಓದಿನ ತರಗತಿ ಬೇಕಾಗಿಲ್ಲ," ಎಂದು ಯಂತ್ರದ ತರುಣ ಮೈಕಿನಲ್ಲಿ ಹೇಳುತ್ತಿದ್ದ. "ಶಾಲೆಯವರು ಕಳೆದ ತಿಂಗಳೇ ಬಿಡಿಸಿದ್ದಾರೆ. ನಮ್ಮ ಯಂತ್ರ ಬಂದರೆ ಆ ತರಗತಿಯೇ ಯಾವ ಶಾಲೆಗೂ ಬೇಕಾಗುವುದಿಲ್ಲ."

ಮೇಡಂ ತಮ್ಮ ಮುಂದಿನ ಮೈಕಿಗೆ ಕೈ ಹಾಕಿದರು. ಅಧ್ಯಕ್ಷರು ಅದರ ಮೇಲೆ ಅಂಗೈ ಇಟ್ಟರು. ಹಿಂದೊಮ್ಮೆ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು; ಯಾವ ಮೈಕನ್ನು ಯಾವಾಗ ಮುಚ್ಚಬೇಕೆಂಬುದು ಅವರಿಗೆ ಅಭ್ಯಾಸವಾಗಿತ್ತು.

"ಮಕ್ಕಳಿಗೆ ಪ್ರಶ್ನೆ ಕೇಳೋ ಹಾಗಿಲ್ಲ ಮೇಡಂ. ಒಳಗೆ ಮಾತಾಡೋಣ."

ಒಳಗೆ ಎಂದರೆ ವೇದಿಕೆಯ ಹಿಂದಿನ ಕೋಣೆ. ಏಸಿಯ ನೀರು ಒಂದು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಮೂರನೆಯ ತೀರ್ಪುಗಾರ, ದೊಡ್ಡ ಕಂಪನಿಯೊಂದರ ಎಂಜಿನಿಯರ್, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದ. ಸ್ಪರ್ಧೆಯ ಸಂಚಾಲಕ ಬಾಗಿಲು ಹಾಕಿಕೊಂಡು ಅಲ್ಲಿಯೇ ನಿಂತ.

"ಗೋಡೆ ಮೇಲಿಲ್ಲದ ಎರಡು ಸಾಲನ್ನ ಆ ಮಗು ಎಲ್ಲಿಂದ ಓದ್ತು?" ಮೇಡಂ ಕೇಳಿದರು.

ಎಂಜಿನಿಯರನ ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು. ಅಧ್ಯಕ್ಷರು ಸಂಚಾಲಕನ ಮುಖ ನೋಡಿದರು. ಸಂಚಾಲಕ ಅಡಗಿಸುವವನಲ್ಲ, ತಪ್ಪು ಮಾಡಿದ್ದೇನೆಂದು ಅವನಿಗೆ ಅನಿಸಿಯೂ ಇರಲಿಲ್ಲ.

"ಪುಟವನ್ನ ಒಂದು ತಿಂಗಳು ಮುಂಚೇನೇ ಎಲ್ಲ ಸ್ಪರ್ಧಿಗಳಿಗೂ ಕಳ್ಸಿದ್ವಲ್ಲ ಮೇಡಂ," ಎಂದ. "ಸಮಾನ ಅವಕಾಶ ಅಂತ. ಯಾವ ಪಾಠ ಅಂತ ಮೊದ್ಲೇ ತಿಳಿಸಿ ಅಂತ ಒಬ್ಬರು ಅರ್ಜಿ ಹಾಕಿದ್ರು. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಟ್ರೆ ತಪ್ಪಾಗುತ್ತೆ, ಎಲ್ಲರಿಗೂ ಕೊಡಿ ಅಂತ ಅಧ್ಯಕ್ಷ ಸಾರ್ ಹೇಳಿದ್ರು."

"ಹಿಂದೆ ನೋಡಿರದ ಪುಟ ಅಂತ ನಿಯಮದಲ್ಲೇ ಇದೆಯಲ್ರೀ."

"ಅದು ಮಕ್ಕಳಿಗೆ ಮೇಡಂ. ನಾವು ಮಕ್ಕಳಿಗೆ ಕಳ್ಸಿಲ್ಲ. ಸ್ಪರ್ಧಿಗಳಿಗೆ ಕಳ್ಸಿದ್ದು."

ಅಡ್ಡದಾರಿ ಹಿಡಿದ ಯಾರಾದರೂ ಸಿಕ್ಕಿದ್ದರೆ ಮೇಡಂ ಕೈಗೆ ಸಿಕ್ಕಿದ್ದನ್ನು ಅವನ ಮೇಲೆ ಎಸೆಯಬಹುದಿತ್ತು. ಇಲ್ಲಿ ಎಲ್ಲರೂ ನೇರವಾಗಿಯೇ ನಡೆದಿದ್ದರು. ಅರ್ಜಿ ಬಂದಿತ್ತು, ಉತ್ತರ ಹೋಗಿತ್ತು. ಯಾರಿಗೂ ಅನ್ಯಾಯವಾಗಬಾರದೆಂದು ಎಲ್ಲರಿಗೂ ಒಂದೇ ಬಗೆಯಲ್ಲಿ ಅನ್ಯಾಯ ಮಾಡಿದ್ದರು.

"ತಾಂತ್ರಿಕವಾಗಿ ನೋಡಿದ್ರೆ ತೊಂದರೆ ಇಲ್ಲ ಮೇಡಂ," ಎಂಜಿನಿಯರ್ ಚಮಚದಿಂದ ಬಿಸ್ಕತ್ತು ಎತ್ತುತ್ತ ಹೇಳಿದ. "ತಪ್ಪು ನಾಲ್ಕೂ ಕಡೆ ಒಂದೇ ಥರ ಆಗಿದ್ರೆ ಹೋಲಿಕೆ ಕೆಡಲ್ಲ."

"ಮನೇಲಿರೋ ಗಡಿಯಾರ ಎಲ್ಲಾ ಒಟ್ಟಿಗೇ ನಿಂತುಹೋದ್ರೆ ಟೈಮು ಸರಿ ಇದೆ ಅಂತೀಯೇನಪ್ಪಾ ನೀನು? ಮಕ್ಕಳು ಓದಿದ್ರಾ ಇಲ್ವಾ, ಅದು ಹೇಳು."

"ಅದಕ್ಕೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ," ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ಉಚ್ಚಾರ, ಸ್ಪಷ್ಟತೆ, ವೇಗ, ಆತ್ಮವಿಶ್ವಾಸ, ಅಷ್ಟೇ ಇದ್ದವು.

"ಬೇರೆ ಪುಟ ಕೊಟ್ಟು ಮತ್ತೆ ಓದಿಸೋಣ. ಇಲ್ಲೇ ಕೂತು ಬರ್ದುಕೊಡ್ತೀನಿ."

ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಬರ್ದುಕೊಡಿ. ಆಮೇಲೆ? ಆ ಮಗೂನ ಮತ್ತೆ ಅದೇ ವೇದಿಕೆಗೆ ಹತ್ತಿಸ್ಬೇಕು. ಈಗ ಚಪ್ಪಾಳೆ ತಟ್ಟಿದವರ ಮುಂದೇನೇ ಅದು ಬಾಯಿ ಬಾರದೆ ನಿಂತ್ಕೊಂಡ್ರೆ ನಿಮಗೆ ಸಮಾಧಾನಾನಾ? ಮಕ್ಕಳ ಜೊತೆಗೇ ಬದುಕಿದವರು ನೀವು, ನೀವೇ ಹೇಳಿ."

ಅಧ್ಯಕ್ಷರ ಮಾತು ಸುಳ್ಳಾಗಿರಲಿಲ್ಲ, ಅದಕ್ಕೇ ಮೇಡಂಗೆ ಸಿಟ್ಟು ಇನ್ನಷ್ಟು ಏರಿತು. ಮಗುವಿನ ಮೇಲಿನ ಕನಿಕರವನ್ನು ಆ ಮನುಷ್ಯ ಕೊಡೆಯ ಹಾಗೆ ಬಿಚ್ಚಿ ಹಿಡಿದಿದ್ದ, ತಾನು ನೆನೆಯದಿರಲೆಂದು.

"ಯಂತ್ರ ಗೆದ್ದಿದೆ ಅನ್ನೋ ತೀರ್ಪಿಗೆ ನಾನು ಸಹಿ ಹಾಕಲ್ಲ."

"ಇಬ್ಬರದ್ದು ಸಾಕು ಅಂತ ನಿಯಮ ಇದೆ ಮೇಡಂ," ಎಂದ ಸಂಚಾಲಕ, ತುಂಬ ವಿನಯದಿಂದ.

"ಇರುತ್ತೆ. ನಿಮ್ಮ ಹತ್ರ ಇಲ್ಲದೆ ಇರೋ ನಿಯಮ ಯಾವುದು?" ಮೇಡಂ ಎದ್ದರು. ಕುರ್ಚಿ ಹಿಂದಕ್ಕೆ ಜರುಗಿ ಬಕೆಟ್ಟಿಗೆ ಬಡಿಯಿತು, ನೀರು ಚೆಲ್ಲಿತು. ಯಾರೂ ಕಾಲು ತೆಗೆಯಲಿಲ್ಲ.

ಹೊರಗೆ ಉದ್ದನೆಯ ಕಾರಿಡಾರು. ಕುಡಿಯುವ ನೀರಿನ ನಲ್ಲಿಯ ಹತ್ತಿರ ಹುಡುಗಿ ಬೊಗಸೆಯೊಡ್ಡಿ ನೀರು ಕುಡಿಯುತ್ತಿದ್ದಳು. ಅವಳ ಅಪ್ಪ, ಬಸ್ಸಿನ ಡ್ರೈವರ್, ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದ. ಮೇಡಂ ಎದೆಯ ಮೇಲಿದ್ದ ತೀರ್ಪುಗಾರರ ಬಿಲ್ಲೆ ನೋಡಿ ನೆಟ್ಟಗಾದ.

"ನಮಸ್ಕಾರ ಮೇಡಂ. ಹೇಗೆ ಓದಿದ್ಲು?"

"ಅಪ್ಪಾ, ಸೈಕಲ್ ಸಿಗುತ್ತಾ ಕೇಳು," ಎಂದಳು ಹುಡುಗಿ, ಗಲ್ಲದಿಂದ ನೀರು ಸುರಿಯುತ್ತಿರುವಾಗಲೇ. ಗೆದ್ದ ಮಗುವಿಗೆಂದು ವೇದಿಕೆಯ ಮೇಲೆ ಕೆಂಪು ಸೈಕಲ್ಲೊಂದನ್ನು ನಿಲ್ಲಿಸಿದ್ದರು.

"ಕತ್ತೆ ಕಥೆ ಇಷ್ಟ ಆಯ್ತೇನೇ ನಿಂಗೆ?" ಮೇಡಂ ಅವಳೆದುರು ಕುಕ್ಕರಗಾಲಲ್ಲಿ ಕೂತರು.

"ಹೂಂ. ಆಮೇಲೆ ಕತ್ತೆ ಏನ್ ಮಾಡ್ತು? ಕನ್ನಡಕಕ್ಕೆ ದುಡ್ಡು ಕೊಡ್ತಾ?"

"ಗೊತ್ತಿಲ್ಲ ಪುಟ್ಟಿ. ನಾನು ಅಲ್ಲೀವರೆಗೆ ಯೋಚನೆ ಮಾಡಿಲ್ಲ." ಮೇಡಂ ನಲ್ಲಿಯ ಮೇಲಿನ ಫಲಕ ತೋರಿಸಿದರು. "ಅದರಲ್ಲಿ ಏನ್ ಬರ್ದಿದೆ?"

"ಕುಡಿಯೋ ನೀರು," ಹುಡುಗಿ ತಟ್ಟನೆ ಹೇಳಿದಳು. ಡ್ರೈವರ್ ಮುಗುಳ್ನಕ್ಕ.

ಮೇಡಂ ತಿರುಗಿ, ಎದುರಿಗಿದ್ದ ಮುಚ್ಚಿದ ಬಾಗಿಲು ತೋರಿಸಿದರು. ಅದರ ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ 'ಉಗ್ರಾಣ' ಎಂದು ಬರೆದಿತ್ತು. "ಅದು?"

ಹುಡುಗಿ ನೋಡಿದಳು. ತುಂಬ ಹೊತ್ತು ನೋಡಿದಳು, ಹಿಡಿಯಿಂದ ಹೊಸ್ತಿಲವರೆಗೂ. ಆಮೇಲೆ, "ಬಾಗಿಲು," ಎಂದಳು.

ಡ್ರೈವರನ ಮುಗುಳ್ನಗೆ ಮುಖದ ಮೇಲೆಯೇ ನಿಂತುಬಿಟ್ಟಿತು. ಅವನಿಗೆ ಓದು ಬರುತ್ತಿತ್ತು. ಬಾಗಿಲು ನೋಡಿದ, ಮಗಳನ್ನು ನೋಡಿದ.

"ಹೋಗಿ ಆ ಕಿಟಕಿ ಹತ್ರ ನಿಂತ್ಕೋ ಪುಟ್ಟಿ," ಎಂದ. ಅವಳು ದೂರ ಹೋದ ಮೇಲೆ, "ದಿನಾ ಸಾಯಂಕಾಲ ಓದ್ತಿದ್ಲು ಮೇಡಂ. ಪಕ್ಕದ ಮನೆಯವರನ್ನೆಲ್ಲ ಕರೆದು ಕೇಳಿಸಿದ್ದೀನಿ ನಾನು," ಎಂದ.

"ಯಂತ್ರ ಹೇಳಿದ್ದನ್ನ ಬಾಯಿಪಾಠ ಮಾಡಿದ್ದಾಳೆ. ಅವಳ ತಪ್ಪಲ್ಲ. ಪುಟ ಮೊದಲೇ ಎಲ್ಲರಿಗೂ ಹೋಗಿತ್ತು. ನಾವೇ ಕಳ್ಸಿದ್ದು."

"ನೀವು ಅಂದ್ರೆ?"

"ತೀರ್ಪುಗಾರರು. ಕಥೆ ಬರ್ದಿದ್ದೂ ನಾನೇ."

ಅವನ ಮುಖ ಕೆಂಪೇರಿತು. ದನಿ ಏರಲಿಲ್ಲ, ದಿನವಿಡೀ ಪ್ರಯಾಣಿಕರ ಬೈಗುಳ ನುಂಗಿ ಅಭ್ಯಾಸವಿದ್ದ ದನಿ ಅದು. "ನೀವೇ ಬರ್ದ್ರಿ. ನೀವೇ ಕಳ್ಸಿದ್ರಿ. ನೀವೇ ಕೂತು ಮಾರ್ಕ್ಸ್ ಹಾಕಿದ್ರಿ. ಈಗ ನೀವೇ ಬಂದು ನನ್ನ ಮಗಳಿಗೆ ಬರಲ್ಲ ಅಂತೀರಿ. ಏನ್ ಮೇಡಂ, ನಿಮಗೆ ಬೇರೆ ಕೆಲಸ ಇಲ್ವಾ?"

"ಅನ್ನಿ. ಅನ್ನಿಸ್ಕೋಬೇಕಾದ್ದೇ." ಮೇಡಂ ಗೋಡೆ ಹಿಡಿದು ಎದ್ದುನಿಂತರು. "ಆದ್ರೆ ಒಂದು ಮಾತು ಕೇಳಿ. ಈಗ ಹೆಸರು ಕರೀತಾರೆ. ಅವಳು ಮೇಲೆ ಹೋಗಿ ಆ ಸೈಕಲ್ ಹಿಡ್ಕೊಂಡ್ರೆ ಫೋಟೋ ತೆಗೀತಾರೆ, ಊರಿಗೆಲ್ಲ ತೋರಿಸ್ತಾರೆ, ಓದೋಕೆ ಕಲ್ತ ಮಗು ಅಂತ. ಆಮೇಲೆ ಯಾವ ಶಾಲೆಯವರೂ ಅವಳನ್ನ ಮತ್ತೆ ಓದಿನ ತರಗತೀಲಿ ಕೂರಿಸ್ಕೊಳ್ಳಲ್ಲ. ಕೂರಿಸ್ಕೊಂಡ್ರೆ ಇವರೆಲ್ಲ ಸುಳ್ಳಾಗ್ತಾರೆ. ಐದನೇ ಕ್ಲಾಸಿಗೆ ಬರೋ ಹೊತ್ತಿಗೆ ಅವಳನ್ನ ಸೋಮಾರಿ ಅಂತ ಬೈತಾರೆ."

"ಹೋಗಬೇಡ ಅಂದ್ರೆ?"

"ನಾನು ಹೇಳೋ ಹಾಗಿಲ್ಲ. ಅಪ್ಪ ನೀವು."

"ಚೆನ್ನಾಗಿದೆ," ಎಂದ ಡ್ರೈವರ್. "ತಪ್ಪು ಮಾಡೋದು ನೀವು. ಮಗಳ ಕಣ್ಣಲ್ಲಿ ಕೆಟ್ಟವನಾಗೋದು ನಾನು."

ಒಳಗೆ ಮೈಕು ಗುಂಯ್ ಎಂದಿತು. ಅಧ್ಯಕ್ಷರ ದನಿ ಕೇಳಿಸಿತು, ಸಾವಕಾಶವಾಗಿ, ಎಲ್ಲರಿಗೂ ಕೃತಜ್ಞತೆ ಹೇಳುತ್ತ. ಹುಡುಗಿ ಕಿಟಕಿಯಿಂದ ಓಡಿಬಂದು ಸಭಾಂಗಣದ ಬಾಗಿಲಲ್ಲಿ ನಿಂತಳು. ಅಪ್ಪ ಹಿಂದಿನಿಂದ ಹೋಗಿ ಅವಳ ಕೈ ಹಿಡಿದ. ಮೇಡಂ ಅವರ ಪಕ್ಕದಲ್ಲಿ ನಿಂತರು. ವೇದಿಕೆಯ ಕೆಳಗೆ ಮೇಜಿನ ಹಿಂದಿದ್ದ ಮೂರು ಕುರ್ಚಿಗಳಲ್ಲಿ ಒಂದು ಖಾಲಿಯಿತ್ತು. ಅದನ್ನು ಯಾರೋ ಆಗಲೇ ಸ್ವಲ್ಪ ಹಿಂದಕ್ಕೆ ಸರಿಸಿದ್ದರು, ಫೋಟೋದಲ್ಲಿ ಬಾರದ ಹಾಗೆ.

ಯಂತ್ರದ ಹೆಸರು ಕರೆದರು. ಆಮೇಲೆ ಹುಡುಗಿಯ ಹೆಸರು. ಜನ ಚಪ್ಪಾಳೆ ತಟ್ಟುತ್ತ ಹಿಂದಕ್ಕೆ ತಿರುಗಿದರು.

ಹುಡುಗಿ ಮುಂದಕ್ಕೆ ಹಾರಿದಳು, ಕೈ ಬಿಡಿಸಿಕೊಳ್ಳಲಾಗದೆ ಜೋಲಿ ಹೊಡೆದು ನಿಂತಳು. "ಅಪ್ಪಾ, ನನ್ನ ಕರೀತಿದ್ದಾರೆ."

ಡ್ರೈವರ್ ಕೈ ಬಿಡಲಿಲ್ಲ. ಹೆಸರು ಇನ್ನೊಮ್ಮೆ ಕರೆದರು. ವೇದಿಕೆಯ ಮೇಲಿಂದ ತರುಣ ಕೈ ಬೀಸಿ ಕರೆದ. ಚಪ್ಪಾಳೆ ನಿಂತಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಸಂಚಾಲಕ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಓಡುತ್ತ ಬಂದ.

"ಯಾಕ್ರೀ ಹಿಡ್ಕೊಂಡಿದ್ದೀರ? ಕಳ್ಸಿ, ಕಳ್ಸಿ, ಎಲ್ಲರೂ ಕಾಯ್ತಿದ್ದಾರೆ."

"ಅವಳಿಗೆ ಓದೋಕೆ ಬರಲ್ಲ," ಎಂದ ಡ್ರೈವರ್.

ಅವನು ಕೂಗಿರಲಿಲ್ಲ. ಆದರೆ ಚಪ್ಪಾಳೆ ನಿಂತಿದ್ದ ಹೊತ್ತು ಅದು. ಹಿಂದಿನ ಸಾಲುಗಳಿಗೆಲ್ಲ ಕೇಳಿಸಿತು. ಸಂಚಾಲಕ ಮೇಡಂ ಕಡೆ ನೋಡಿದ. ಅವನ ನೋಟದಲ್ಲಿ ಮೊದಲ ಸಲ ವಿನಯವಿರಲಿಲ್ಲ.

"ನೀವು ಮಾಡಿದ್ದಾ ಇದು?"

"ಹೌದು. ನಿಮ್ಮ ಕಾಲಂನಲ್ಲಿ ಬರ್ಕೊಳ್ಳಿ," ಎಂದರು ಮೇಡಂ.

ಹುಡುಗಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. "ಬರುತ್ತೆ," ಎಂದಳು. "ನಂಗೆ ಬರುತ್ತೆ ಅಪ್ಪಾ. ನೀನೇ ಕೇಳಿದ್ದೀಯಲ್ಲ."

ಮೇಡಂ ಕಣ್ಣು ಬೇರೆ ಕಡೆ ತಿರುಗಿಸಲು ಹೋದರು, ತಿರುಗಿಸಲಿಲ್ಲ. ವೇದಿಕೆಯ ಮೇಲೆ ತರುಣ ಒಬ್ಬನೇ ಪ್ರಶಸ್ತಿ ಫಲಕ ತೆಗೆದುಕೊಂಡ. ಅಧ್ಯಕ್ಷರು ಮೇಲೆ ಹತ್ತಿ ಅವನ ಬೆನ್ನು ತಟ್ಟಿದರು. ಚಪ್ಪಾಳೆ ಬಿತ್ತು, ಸಾಕಷ್ಟು ಜೋರಾಗಿಯೇ.

ಡ್ರೈವರ್ ಮಗಳನ್ನು ಎತ್ತಿಕೊಂಡು ಹೊರಗೆ ನಡೆದ. ಮೆಟ್ಟಿಲು ಇಳಿಯುವಾಗ ಅವಳು ಕಾಲು ಬಡಿದು, ಜಾರಿ ಇಳಿದು, ಅಪ್ಪನಿಂದ ನಾಲ್ಕು ಮಾರು ಮುಂದೆ ಒಬ್ಬಳೇ ನಡೆಯತೊಡಗಿದಳು. ಮೇಡಂ ಹಿಂದೆ ಬಂದರು.

"ಸೋಮವಾರ ಅವಳ ಶಾಲೆಗೆ ಬರ್ತೀನಿ," ಎಂದರು. "ಹೆಡ್ಮಾಸ್ಟರ್ ಹತ್ರ ಮಾತಾಡ್ತೀನಿ. ಅವರು ಒಪ್ಪದೇ ಇದ್ರೆ ನಾನೇ ಕೂತು ಕಲಿಸ್ತೀನಿ."

ಡ್ರೈವರ್ ತಿರುಗಿ ನೋಡಲಿಲ್ಲ. "ಬಂದ್ರೆ ಬನ್ನಿ," ಎಂದ. "ಅವಳು ನಿಮ್ಮ ಮುಂದೆ ಬಾಯಿ ಬಿಡ್ತಾಳೋ ಇಲ್ವೋ, ನಾನು ಹೇಳೋಕಾಗಲ್ಲ."

ಗೇಟಿನ ಎರಡು ಕಂಬಗಳ ನಡುವೆ ಸ್ಪರ್ಧೆಯ ಬ್ಯಾನರ್ ಕಟ್ಟಿದ್ದರು. ಅದರ ಮೇಲಿನ ಒಂದೊಂದು ಅಕ್ಷರವೂ ಹುಡುಗಿಯಷ್ಟೇ ಎತ್ತರವಿತ್ತು. ಗಾಳಿಗೆ ಅದು ಉಬ್ಬಿ, ಮತ್ತೆ ಕಂಬಕ್ಕೆ ಬಡಿಯುತ್ತಿತ್ತು. ಹುಡುಗಿ ತೋಳಿನಿಂದ ಮೂಗು ಒರೆಸಿಕೊಂಡು, ತಲೆ ಎತ್ತದೆ, ಅದರ ಕೆಳಗೆ ಹಾದು ರಸ್ತೆಗೆ ಇಳಿದಳು.