ಒಂದು ಜಾಸ್ತಿ

"ಏನನ್ನ ಜಾಸ್ತಿ ಮಾಡು ಅಂದಿದ್ದೆ ನಾನು?"

ಚೆಲುವರಾಜು ತನ್ನನ್ನೇ ಕೇಳಿಕೊಂಡ. ಗ್ಯಾರೇಜಿನ ಶೆಡ್ಡಿನಲ್ಲಿ ಅವನೊಬ್ಬನೇ ಇದ್ದ. ಎದುರಿಗೆ ಲ್ಯಾಪ್‌ಟಾಪ್, ಪಕ್ಕದಲ್ಲಿ ತೋಟದ ಮಾಲೀಕ ರಾಜೇಂದ್ರ ಅವರ ಪಿಕಪ್ ಗಾಡಿಯಿಂದ ಬಿಚ್ಚಿ ತೆಗೆದ ಮೂರನೆಯ ಪಿಸ್ಟನ್. ಒದ್ದೆ ಕೈಯಲ್ಲಿ ಹಿಡಿದ ಬೆಲ್ಲದಚ್ಚಿನಂತೆ ಅದರ ಅಂಚು ಒಂದು ಕಡೆ ಕರಗಿಹೋಗಿತ್ತು. ಹೊರಗೆ ತಾಂಡ್ಯದ ಫ್ಯಾಕ್ಟರಿಗಳಲ್ಲಿ ಬೆಳಗಿನ ಶಿಫ್ಟ್ ಮುಗಿಸಿದವರ ಬಸ್ಸುಗಳು ನಂಜನಗೂಡಿನ ಕಡೆ ಸಾಲಾಗಿ ಹೊರಟಿದ್ದವು. ಎರಡು ದಿನ ಬಗ್ಗಿ ಎಂಜಿನ್ ಇಳಿಸಿದ ಬೆನ್ನು ಇನ್ನೂ ನೆಟ್ಟಗಾಗಿರಲಿಲ್ಲ.

ಆ ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಕೂರಿಸಿ, ಅದರ ಕಂಪ್ಯೂಟರನ್ನು ಹೊಸದಾಗಿ ಹೊಂದಿಸಿದವರು ಚೆಲುವರಾಜು ಮತ್ತು ಅವನ ಪಾಲುದಾರ ಮದನ್. ಕಂಪ್ಯೂಟರಿನೊಳಗೆ ಅಂಕಿಗಳ ಒಂದು ಪಟ್ಟಿ. ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ, ಅಷ್ಟೇ ಅದರ ಮಾತು. ಗಾಡಿ ಸಮತಟ್ಟಿನಲ್ಲಿ ಹಗುರವಾಗಿ ಓಡುವಾಗ ಹೆಚ್ಚುಕಡಿಮೆ ಹದಿನಾಲ್ಕೂ ಮುಕ್ಕಾಲು. ಲೋಡು ಹೊತ್ತು ಏರು ಹತ್ತುವಾಗ ಹನ್ನೆರಡು; ಆಗ ಹೆಚ್ಚುವರಿ ಪೆಟ್ರೋಲೇ ಎಂಜಿನ್ನಿನ ಒಳಗನ್ನು ತಂಪಾಗಿಡಬೇಕು. ಅಂಕಿ ಇಳಿದರೆ ಪೆಟ್ರೋಲು ಹೆಚ್ಚು, ಏರಿದರೆ ಕಡಿಮೆ.

ಹೋದ ಸೋಮವಾರ ಸಂಜೆ ಡ್ರೈವರ್ ಜವರಯ್ಯ ಗಾಡಿ ತಂದು, ಲೋಡಿನಲ್ಲಿ ಎಂಜಿನ್ ಕಟಕಟ ಅನ್ನುತ್ತದೆ ಎಂದಿದ್ದ. ಚೆಲುವರಾಜು ಆಗ ಟಿ. ನರಸೀಪುರದಲ್ಲಿ, ಮಠದ ಹಜಾರದಲ್ಲಿ ಗಮಕ ಕೇಳುತ್ತ ಕುಳಿತಿದ್ದ. ವಾಚಿಸುವವರು ಪದ್ಯದ ಕೊನೆಯ ಸಾಲನ್ನು ಮೆಲ್ಲಗೆ ಎಳೆಯುತ್ತಿದ್ದಾಗ ಮದನನ ಫೋನು ಬಂತು. ಎದ್ದುಹೋಗಲು ಮನಸ್ಸಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು, "ಲೋಡಿನ ಸಾಲಲ್ಲಿ ಒಂದು ಜಾಸ್ತಿ ಮಾಡು" ಎಂದು ಪಿಸುಗುಟ್ಟಿ ಇಟ್ಟುಬಿಟ್ಟ. ಅವನ ತಲೆಯಲ್ಲಿದ್ದದ್ದು ಪೆಟ್ರೋಲು. ಮದನನ ಕಣ್ಣೆದುರಿಗಿದ್ದದ್ದು ಅಂಕಿ. ಹನ್ನೊಂದಕ್ಕೆ ಇಳಿಯಬೇಕಾದದ್ದು ಹದಿಮೂರಕ್ಕೆ ಏರಿತು. ನಾಲ್ಕು ದಿನ ಬಾಳೆಗೊನೆ ಹೊತ್ತ ಮೇಲೆ ಪಿಸ್ಟನ್ ಕರಗಿತು.

ಪರದೆಯ ಮೇಲೆ ಆ ಹದಿಮೂರು ತಾರೀಖು ಸಮೇತ ಕುಳಿತಿತ್ತು.

ಬೆಳಿಗ್ಗೆ ಜವರಯ್ಯ ಬಂದಿದ್ದ. ಮೂಗೂರಿನ ರಾಜೇಂದ್ರ ಅವರ ತೋಟದಲ್ಲಿ ಹದಿನೆಂಟು ವರ್ಷದಿಂದ ಅವನೇ ಡ್ರೈವರ್. ರೇಡಿಯೇಟರಿನ ನೀರು ನೋಡದೆ ಓಡಿಸಿ ಎಂಜಿನ್ ಸುಟ್ಟೆ ಎಂದು ಅವರು ಬೈದು, ಮೆಕ್ಯಾನಿಕ್ಕೂ ಅದನ್ನೇ ಹೇಳಿದರೆ ನಾಳೆಯಿಂದ ಬರಬೇಡ ಎಂದಿದ್ದರಂತೆ. ಕೂರು ಎಂದರೂ ಅವನು ಕೂರಲಿಲ್ಲ.

"ನೀರು ನೋಡ್ದೆ ಕೀ ತಿರುಗ್ಸೋನಲ್ಲ ಸಾ ನಾನು. ಕಟಕಟ ಅಂತದೆ ಅಂತ ಏಳಿದ್ದೂ ನಾನೇ ಅಲ್ವಾ? ನೀವೊಂದ್ ಮಾತ್ ಏಳಿ."

ನೋಡಿ ಹೇಳ್ತೀನಿ ಎಂದು ಚೆಲುವರಾಜು ಕಳಿಸಿದ್ದ. ನೋಡಿದ್ದಾಯಿತು.

ಟೀ ತರಲು ಹೋಗಿದ್ದ ಮದನ್ ಬಂದು, ಪರದೆ ನೋಡಿ, ಫ್ಲಾಸ್ಕ್ ಕೆಳಗಿಟ್ಟ.

"ಮಠದಲ್ ಕೂತ್ಕೊಂಡು ಕಿವೀಲಿ ಮಂತ್ರ ಏಳ್ದಂಗೆ ಏಳುದ್ರೆ ನಂಗೇನ್ ತಿಳೀತದೆ? ಜಾಸ್ತಿ ಅಂದೆ. ಜಾಸ್ತಿ ಮಾಡ್ದೆ."

"ತಪ್ಪು ನಂದೇ ಕಣೋ. ನಿಂಗೆ ಅಂದಿದ್ನಾ ಏನಾರ?"

ಮದನ್ ಟೀ ಬಗ್ಗಿಸಿಕೊಟ್ಟು ನಿಧಾನವಾಗಿ ಲೆಕ್ಕ ಬಿಡಿಸಿದ. ಇನ್ನೂ ಮೂರು ಗಾಡಿ ತರುತ್ತೇನೆಂದವರು ರಾಜೇಂದ್ರ. ಅಂಕಿ ತಪ್ಪಾಯಿತೆಂದು ಅವರು ಮೂಗೂರಿನಲ್ಲಿ ಒಂದು ಮಾತು ಆಡಿದರೆ ಈ ಶೆಡ್ಡಿಗೆ ಸೈಕಲ್ಲೂ ಬರುವುದಿಲ್ಲ. ಜವರಯ್ಯನಿಗೇನು, ತಾಂಡ್ಯದಲ್ಲಿ ಇಷ್ಟು ಫ್ಯಾಕ್ಟರಿಗಳಿವೆ, ಯಾವುದೋ ಒಂದರ ಗಾಡಿ ಸಿಗುತ್ತದೆ. ಎಂಜಿನ್ ಸುಟ್ಟವನೆಂಬ ಹೆಸರು ಹೊತ್ತ ಐವತ್ತೈದರ ಡ್ರೈವರಿಗೆ ಯಾರು ಕೀ ಕೊಡುತ್ತಾರೆ ಎಂದು ಕೇಳಲು ಚೆಲುವರಾಜು ಬಾಯಿ ತೆರೆದ. ಆಯಾಸವಾಗಿ, ಕೇಳದೆ ಪಿಸ್ಟನ್ ಎತ್ತಿಕೊಂಡು ಕರಗಿದ ಅಂಚನ್ನು ಒರೆಸಿದ. ಟೀ ಆರಿತು.

ಹೊರಗೆ ರಾಜೇಂದ್ರ ಅವರ ಬುಲೆಟ್ ಬಂದು ನಿಂತಿತು. ಸ್ಟ್ಯಾಂಡ್ ಹಾಕಿದ ಸದ್ದಾಯಿತು.

ಮದನ್ ಲ್ಯಾಪ್‌ಟಾಪನ್ನು ಅವನ ಕಡೆ ತಳ್ಳಿ ದನಿ ತಗ್ಗಿಸಿದ. "ಆ ಫೈಲ್ ಅಳಿಸ್ಬುಡು. ನೀರ್ ಖಾಲಿ ಆಗಿತ್ತು ಅನ್ನು. ಒಂದೇ ಮಾತು ಕಣೋ, ಕೈ ಮುಗೀತೀನಿ."

ಚೆಲುವರಾಜು ಲ್ಯಾಪ್‌ಟಾಪನ್ನು ಬಾಗಿಲ ಕಡೆಗೆ ತಿರುಗಿಸಿಟ್ಟ.

"ಅನ್ನಕಿಲ್ಲ," ಎಂದ.