ಹಸಿರು ಯಾರದು, ಹಳದಿ ಯಾರದು

೨೦೨೪ರ ನವೆಂಬರ್ ೧೬, ಶನಿವಾರ, ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷ — ಹಳದಿ ಸ್ಪಂಜನ್ನು ಹಿಂಡಿದರೆ ಉಸಿರು ಬಿಟ್ಟ ಹಾಗೆ ಸದ್ದು, ಹಸಿರು ಸ್ಕ್ರಬ್ಬರ್ ಹಿಂಡಿದರೆ ಸದ್ದಿಲ್ಲ, ಬೆರಳ ತುದಿಗೆ ಚುರುಚುರು ಅಷ್ಟೆ, ಎರಡನ್ನೂ ಎರಡು ಕೈಯಲ್ಲಿ ಹಿಡಿದು ಅಂಬಿಕಾ ಸಿಂಕಿನ ಮುಂದೆ ನಿಂತಿದ್ದಾಳೆ, ಗೋಡೆಗೆ ಎರಡು ಮೊಳೆ, ಎಡದ್ದು ಮನೆ ಹಂಚಿಕೊಂಡಿರುವ ಗೆಳತಿ ಫಿರ್ದೌಸಳದು, ಬಲದ್ದು ತನ್ನದು, ಹಾಗಂತ ಅವ್ವನ ಕಾನೂನು, ಜೂನ್‌ನಲ್ಲಿ ಹದಡಿ ರಸ್ತೆಯ ಈ ಮನೆ ಹಿಡಿದಾಗ ಭಾನುವಳ್ಳಿಯಿಂದ ಫೋನಿನಲ್ಲೇ ಹೊರಡಿಸಿದ್ದು, ಆ ಹುಡುಗಿ ಜೊತಿಗೆ ಇರ್ತೀಯಾ ಇರು, ಪಾತ್ರೆ ಬ್ಯಾರೆ ಇರ್ಲಿ, ತಿಕ್ಕೋದು ಬ್ಯಾರೆ ಇರ್ಲಿ, ಬಂದು ನೋಡ್ತೀನಿ, ಎರಡೂ ಕಲಸ್ಯಾವು ಅಂತ ಕಂಡ್ರೆ ಗಂಟು ಕಟ್ಟಿ ಹಾಸ್ಟೆಲ್‌ಗೆ ಹಾಕ್ತೀನಿ — ಇಪ್ಪತ್ತೊಂಬತ್ತು ವರ್ಷದ ರಸಾಯನಶಾಸ್ತ್ರದ ಉಪನ್ಯಾಸಕಿಯನ್ನು ಹಾಸ್ಟೆಲ್‌ಗೆ ಹಾಕುವುದಂತೆ, ನಗು ಬರುತ್ತದೆ, ಆದರೆ ಅವ್ವ ಹಾಕಿಯೇ ಹಾಕುತ್ತಾಳೆ, ಆಮೇಲೆ ಬೆಳಿಗ್ಗೆ ಬಚ್ಚಲಿನಿಂದ ಫಿರ್ದೌಸಳ ಶ್ರುತಿ ತಪ್ಪಿದ ಹಾಡು ಇರುವುದಿಲ್ಲ, ರಾತ್ರಿ ಉತ್ತರಪತ್ರಿಕೆ ತಿದ್ದುತ್ತ ಮಕ್ಕಳ ಅಚಾತುರ್ಯಗಳನ್ನು ಓದಿ ಓದಿ ಹೊಟ್ಟೆ ಹಿಡಿದುಕೊಂಡು ನಗುವುದು ಇರುವುದಿಲ್ಲ, ಅವಳು ಹರಿಹರದ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಚಾ ಇಡು ಮಾರಾಯ್ತಿ ಅನ್ನುವುದು ಇರುವುದಿಲ್ಲ.

ಎರಡರ ಪ್ಯಾಕೆಟ್ ತಂದ ದಿನ ಯೋಚನೆಯನ್ನೇ ಮಾಡದೆ ಹಸಿರನ್ನು ಎಡದ ಮೊಳೆಗೆ ಸಿಕ್ಕಿಸಿದ್ದಳು, ಫಿರ್ದೌಸ್ ಸೊಂಟಕ್ಕೆ ಕೈಯಿಟ್ಟು ನೋಡಿ, ಹಸಿರು ನನಗ್ಯಾಕ ಬಂತು ಅಂತ ಗೊತ್ತಾತು ಬಿಡವ್ವ, ಅದರ ಮೇಲೊಂದು ಚಂದ್ರನ್ನೂ ಬರೆದುಬಿಡು ಅಂದಿದ್ದಳು — ಅಂಬಿಕಾಳ ಕಿವಿ ಕೆಂಪಾಗಿತ್ತು, ಈಗ ನೆನೆದರೂ ಆಗುತ್ತದೆ, ಆದರೆ ಮೊಳೆ ಬದಲಾಗಲಿಲ್ಲ, ಐದು ತಿಂಗಳು ಫಿರ್ದೌಸ್ ತನ್ನ ನಾನ್‌ಸ್ಟಿಕ್ ಬಾಣಲೆಯನ್ನು ಹಸಿರಿನಿಂದ ಉಜ್ಜಿದಳು, ಮೈತುಂಬ ಗೀರು, ಅಂಬಿಕಾ ತನ್ನ ಕಬ್ಬಿಣದ ರೊಟ್ಟಿ ಹಂಚನ್ನು ಹಳದಿಯಿಂದ ಸವರಿದಳು, ಸುಟ್ಟ ಹಿಟ್ಟು ಪದರ ಪದರವಾಗಿ ಕೂತಿತು, ಇಬ್ಬರೂ ಎಂ.ಎಸ್ಸಿ., ಇಬ್ಬರಿಗೂ ಗೊತ್ತು, ಹಸಿರಿನ ನಾರಿಗೆ ಅಂಟಿಸಿರುವುದು ಅಲ್ಯುಮಿನಿಯಂ ಆಕ್ಸೈಡಿನ ಪುಡಿ, ಮಾಣಿಕ್ಯವೂ ಅದೇ ವಸ್ತು, ಉಕ್ಕನ್ನೂ ಗೀರುತ್ತದೆ, ಹಳದಿ ಬರೀ ಗಾಳಿಗೂಡು, ನೀರು ಹಿಡಿಯುತ್ತದೆ ನೊರೆ ಕೊಡುತ್ತದೆ, ಒರಟುತನ ಪುಡಿಯಲ್ಲಿದೆ ಬಣ್ಣದಲ್ಲಿಲ್ಲ, ಬಣ್ಣ ಬೆರೆಸುವುದು ಬರೀ ಗುರುತಿಗೆ, ಯಾವ ಪಾತ್ರೆಗೆ ಯಾವುದು ಅಂತ ಕಣ್ಣಿಗೆ ತಿಳಿಯಲಿ ಅಂತ, ಯಾರ ಪಾತ್ರೆಗೆ ಅಂತ ಅಲ್ಲ — ಕಳೆದ ವಾರ ಬಾಣಲೆಗೆ ಮೊಟ್ಟೆ ಅಂಟಿ ಕಿತ್ತು ಬಂದಾಗ ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು, ಅವತ್ತಿನಿಂದ ಮೊಳೆಯ ಲೆಕ್ಕ ಮುಗಿಯಿತು, ಗಟ್ಟಿಗೆ ಹಸಿರು, ಮೆತ್ತಗಿನದಕ್ಕೆ ಹಳದಿ, ಎರಡೂ ಇಬ್ಬರವು. ಈಗ ಅವ್ವ ಬರುತ್ತಿದ್ದಾಳೆ. ಮತ್ತೆ ಎಡ ಬಲ ಸಿಕ್ಕಿಸಿ ಸುಮ್ಮನಿರಲೇ, ಒಂದು ರಾತ್ರಿಯ ಮಾತು — ಫೋನು ಮಿಡಿಯುತ್ತದೆ, ಫಿರ್ದೌಸಳ ಮೆಸೇಜು, ನಿಮ್ಮವ್ವ ಹರಿಹರ ಬಸ್‌ಸ್ಟ್ಯಾಂಡಿನಾಗೆ ಸಿಕ್ರು, ಫೋಟೋದಾಗೆ ನೋಡಿದ್ನಲ್ಲ, ಗುರುತು ಹಿಡಿದೆ, ಬಾತಿ ದಾಟಿದ್ವಿ, ನನ್ನ ಮಂಡಕ್ಕಿ ಪೊಟ್ಟಣ ಅರ್ಧ ಖಾಲಿ ಮಾಡಿದಾರೆ, ಅವರ ಮಸರಿನ ಡಬ್ಬಿ ನನ್ನ ತೊಡಿ ಮ್ಯಾಗೆ ಐತೆ, ಚೂಡಿದಾರ ಎಲ್ಲ ಮಸರು.

ಬಾಗಿಲಲ್ಲೇ ಅವ್ವನ ಮಾತು, ಮಂಡಕ್ಕಿ ಅಂಗಡಿದು, ಅದು ಮನಿ ಅಡಿಗಿ ಅಲ್ಲ, ಅದರ ಲೆಕ್ಕ ಬ್ಯಾರೆ, ಹೂಂ ಅವ್ವಾರೆ ಅನ್ನುತ್ತ ಹಿಂದೆ ಫಿರ್ದೌಸ್, ಕಾಲು ತೊಳೆದವಳೇ ಅವ್ವ ನೆಟ್ಟಗೆ ಅಡಿಗೆಮನೆಗೆ, ಯಾವುದು ನಿನ್ನದು, ಯಾವುದು ಅಕಿದು — ಬಲದ್ದು ನನ್ನದು ಎಂಬ ಮಾತು ಅಂಬಿಕಾಳ ನಾಲಿಗೆಯ ಮೇಲೆ ಸಿದ್ಧವಾಗಿಯೇ ಇತ್ತು, ಆದರೆ ಬಾಯಿಂದ ಬಂದದ್ದು ಬೇರೆ, ಎಡ ಬಲ ಇಲ್ಲವ್ವ, ಎರಡೂ ಇಬ್ಬರವು. ಅವ್ವ ಹಸಿರನ್ನು ಮೂಗಿನ ಹತ್ತಿರ ಹಿಡಿದಳು, ಹಳದಿಯನ್ನೂ, ಮಾಂಸದ ಪಾತ್ರೆಗೂ ಇದೇನಾ, ಇಲ್ರಿ ಅವ್ವಾರೆ, ಭಾನುವಾರದ ಮಾಂಸದ ಡೇಗ್ಚಿಗೆ ತೆಂಗಿನ ನಾರು ಐತೆ, ಹೊರಗೆ ಒಗೆಯೋ ಕಲ್ಲಿನ ಮ್ಯಾಲೆ ತೊಳಿತೀನಿ. ಯಾರು ಹೇಳಿದ್ರು ಹೊರಗೆ ಅಂತ? ಯಾರೂ ಇಲ್ರಿ, ನಾನೇ. ಅವ್ವ ಮಗಳನ್ನು ನೋಡಿದಳು, ಫಿರ್ದೌಸಳ ಮಸರಾದ ಚೂಡಿದಾರವನ್ನು ನೋಡಿದಳು, ಹಾಸ್ಟೆಲ್, ಹಾಸ್ಟೆಲ್, ಅಂಬಿಕಾಳ ತಲೆಯಲ್ಲಿ ಅದೊಂದೇ — ಚಳಿಯಾಗೆ ಹೊರಗ್ಯಾಕ ಕುಂತು ತಿಕ್ತೀಯವ್ವ, ಅಂದಳು ಅವ್ವ ಫಿರ್ದೌಸಳಿಗೆ, ಇನ್ನೊಂದು ಮೊಳೆ ಹೊಡಕೊಳ್ರಿ, ಬ್ಯಾರೆ ಬಣ್ಣದ್ದು ತಂದು ಹಾಕ್ರಿ, ಕಲಸಬ್ಯಾಡ್ರಿ ಅಷ್ಟೆ, ಜ್ವಾಳದ ಹಿಟ್ಟು ಎಲ್ಲೈತೆ, ನಾಳಿ ಸಂಜಿಗೆ ಹೋಗ್ತೀನಿ. ನಾಳೆ ಸಂಜೆಗೆ, ಗಂಟು ಇಲ್ಲ, ಹಾಸ್ಟೆಲ್ ಇಲ್ಲ, ಬೇರೆ ಬಣ್ಣ ಅಂದರೆ ನೀಲಿ, ನೀಲಿ ಸಿಗುತ್ತದೆ, ಫಿರ್ದೌಸ್ ಕಣ್ಣು ಹೊಡೆದಳು, ಅವ್ವ ಹಂಚನ್ನು ಹಸಿರಿನಿಂದ ಗಸಗಸ ಉಜ್ಜಿದಳು, ಪಟಪಟ ರೊಟ್ಟಿ ಬಡಿಯುವ ಸದ್ದು, ಬೆಂದ ಜೋಳದ ವಾಸನೆ, ಉಬ್ಬಿದ ಮೊದಲ ರೊಟ್ಟಿ ತನಗೆ ಅಂತ ಅಂಬಿಕಾ ತಟ್ಟೆ ಚಾಚಿದರೆ ಅವ್ವನ ಕೈ ಪಕ್ಕಕ್ಕೆ ತಿರುಗಿತು, ಮೊದಲು ಅಕಿಗೆ, ಡಬ್ಬಿ ಹೊತ್ತು ತಂದಾಳೆ — ಫಿರ್ದೌಸಳ ತಟ್ಟೆ, ರೊಟ್ಟಿಯ ಅಂಚು ತಟ್ಟೆಯಿಂದ ಹೊರಗೆ, ಹಬೆ, ನಗು, ಮತ್ತೆ ಆ ಅಂಚು, ಸುತ್ತಲೂ ತಟ್ಟೆಯಿಂದ ಹೊರಗೆ, ಆ ಅಂಚು — ಅಂಬಿಕಾಳ ಕಣ್ಣಳತೆಗೆ ತಟ್ಟೆ ಇಪ್ಪತ್ನಾಲ್ಕು, ರೊಟ್ಟಿ ಇಪ್ಪತ್ತೇಳು ಸೆಂಟಿಮೀಟರ್.