ನಾಲ್ಕು ಬೆರಳು ಕೆಳಗೆ

ಟಕ್ ಎಂದು ಒಂದು ಸದ್ದು. ಬೀಗ ತೆಗೆದದ್ದಲ್ಲ, ಬೆಕ್ಕು ಡಬ್ಬಿ ಬೀಳಿಸಿದ್ದೂ ಅಲ್ಲ. ನಮ್ಮ ಹಳೆಯ ಪಿಕಪ್ಪಿನ ಬಾಗಿಲ ಹಿಡಿಯನ್ನು ಮೆಲ್ಲಗೆ ಎಳೆದರೆ ಬರುವ ಸದ್ದು. ಅಷ್ಟು ವರ್ಷ ಕೇಳಿದ ಮೇಲೆ ನಿದ್ದೆಯಲ್ಲೂ ಗುರುತು ಸಿಗುತ್ತದೆ. ಪಕ್ಕದ ಹಾಸಿಗೆ ಖಾಲಿಯಿತ್ತು. ನಾನು ಎದ್ದು ಕಿಟಕಿಯ ಪರದೆಯನ್ನು ಒಂದಿಷ್ಟೇ ಸರಿಸಿದೆ.

ಅಂಗಳದ ದೀಪದಡಿಯಲ್ಲಿ ನನ್ನ ಗಂಡ ತೆರೆದ ಬಾಗಿಲಿಗೆ ಎದುರಾಗಿ ನಿಂತಿದ್ದರು. ಮೊಣಕಾಲ ಹಿಂದೆ ಎರಡೂ ಕೈ ಕೊಟ್ಟು, ಮೂಟೆ ಎತ್ತುವ ಹಾಗೆ, ತಮ್ಮದೇ ಕಾಲನ್ನು ಎತ್ತಿ ಗಾಡಿಯೊಳಗಿಟ್ಟರು. ಸ್ಟೇರಿಂಗ್ ಹಿಡಿದು ಮೈಯನ್ನು ಮೇಲಕ್ಕೆಳೆದುಕೊಳ್ಳಲು ನೋಡಿದರು. ಆಗಲಿಲ್ಲ. ಮತ್ತೆ ನೋಡಿದರು. ಆಮೇಲೆ ಕಾಲನ್ನು ಹಾಗೆಯೇ ಹೊರಗೆ ತೆಗೆದು, ಬಾಗಿಲನ್ನು ಸದ್ದಾಗದಂತೆ ಒತ್ತಿ ಮುಚ್ಚಿದರು. ಅವರು ಒಳಗೆ ಬರುವಷ್ಟರಲ್ಲಿ ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ.

ಅವರದು ಬೋರ್‌ವೆಲ್ ಪಂಪಿನ ರಿಪೇರಿ ಕೆಲಸ. ಗುಡ್ಡದ ಮೇಲಿನ ಹೊಲಗಳಿಗೆ ಹೋಗುವ ದಾರಿ ದಾರಿಯಲ್ಲ, ಬರೀ ಕಲ್ಲು. ಅದಕ್ಕೆಂದೇ ಫೋರ್ ವೀಲ್ ಗಾಡಿ ತೆಗೆದುಕೊಂಡು, ಅವರೂ ಅವರ ತಮ್ಮನೂ ಸೇರಿ ಅದನ್ನು ಇನ್ನಷ್ಟು ಎತ್ತರ ಮಾಡಿಸಿದ್ದರು. ಆಗೆಲ್ಲ ಅವರು ನನ್ನನ್ನು ಸೊಂಟ ಹಿಡಿದೆತ್ತಿ ಸೀಟಿಗೆ ಕೂರಿಸುತ್ತಿದ್ದರು. ಹೋದ ವರ್ಷದಿಂದ ಅವರ ಕಾಲಿನ ಶಕ್ತಿ ಬಸಿದು ಹೋಗುತ್ತಿದೆ. ನರದ ತೊಂದರೆ, ಸದ್ಯಕ್ಕೆ ಕೋಲು ಹಿಡಿಯಿರಿ ಎಂದರು ಡಾಕ್ಟರು. ಕೋಲು ಬಾಗಿಲ ಹಿಂದೆ ಒರಗಿಕೊಂಡೇ ಇದೆ. ಇತ್ತೀಚಿನವರೆಗೂ ಒಂದು ಹುಸಿ ಕೆಮ್ಮು ಕೆಮ್ಮಿ, ನರಳುವುದನ್ನು ಅದರಲ್ಲಿ ಮುಚ್ಚಿಕೊಂಡು, ಹೇಗೋ ಹತ್ತುತ್ತಿದ್ದರು. "ಗಾಡಿ ಹತ್ತೋಕಾಗದ ದಿನ ನನ್ನ ಕೆಲಸ ಮುಗೀತು ಅಂತ ತಿಳ್ಕೊ" ಎಂದು ಒಮ್ಮೆ ನಗುತ್ತ ಹೇಳಿದ್ದರು. ನಾನು ಆ ಮಾತಿಗೆ ನಕ್ಕಿರಲಿಲ್ಲ.

ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿದರು. ನನ್ನ ಮೈದುನನ ಗ್ಯಾರೇಜು ಪಕ್ಕದ ಬೀದಿಯಲ್ಲೇ ಇದೆ.

"ಗಾಡಿ ಸ್ವಲ್ಪ ಇಳಿಸ್ಬೇಕು ಕಣೋ. ಪಂಪು ಹೇರೋಕೆ ಎತ್ತರ ಜಾಸ್ತಿ ಆಗ್ತಿದೆ."

"ಹತ್ತೋಕೊಂದು ಮೆಟ್ಟಿಲು ಬೇಕಾದ್ರೂ ಹಾಕ್ಕೊಡ್ತೀನಣ್ಣ."

"ಪಂಪು ಮೆಟ್ಟಿಲು ಹತ್ತುತ್ತೇನೋ? ನಾನ್ ಹೇಳಿದ್ದು ಮಾಡು."

ಮೈದುನ ಬಂದು ಗಾಡಿ ಒಯ್ದ. ಮಧ್ಯಾಹ್ನ ನಾವಿಬ್ಬರೂ ನಡೆದೇ ಹೋದೆವು. ದಾರಿಯುದ್ದಕ್ಕೂ ಅವರ ಕೈ ನನ್ನ ಹೆಗಲ ಮೇಲಿತ್ತು. ನೋಡಿದವರು ಪ್ರೀತಿಯೆಂದುಕೊಂಡಿರಬೇಕು.

ಹಿಂದಿನ ಕಮಾನು ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಎತ್ತರಕ್ಕೆಂದು ಕೂರಿಸಿದ್ದ ಕಬ್ಬಿಣದ ದಿಮ್ಮಿಗಳು ಆಗಲೇ ನೆಲದ ಮೇಲಿದ್ದವು. ಮುಂದುಗಡೆ ಉದ್ದನೆಯ ಸರಳೊಂದು ತಿರುಚಿಕೊಂಡು ಭಾರ ಹೊರುತ್ತದಂತೆ. ಅದರ ಬೋಲ್ಟು ಸಡಿಲಿಸಿದಷ್ಟೂ ಗಾಡಿಯ ಮೂತಿ ಕೆಳಗಿಳಿಯುತ್ತದೆ. ಮೈದುನ ಸಡಿಲಿಸಿ ಜಾಕ್ ಇಳಿಸಿದ. ನನ್ನ ಗಂಡ ಬಾಗಿಲು ತೆರೆದು ಸೀಟಿನ ಅಂಚಿಗೆ ತೊಡೆ ತಾಗಿಸಿ ನಿಂತರು. ಅದೇ ಅವರ ಅಳತೆ.

"ಇನ್ನೂ ಎತ್ತರ ಇದೆ."

"ಜಾಕ್ ಇಳಿಸಿದ ತಕ್ಷಣ ಅಳೀಬಾರದಣ್ಣ. ಟೈರು ನೆಲ ಕಚ್ಚಿರುತ್ತೆ. ಹಿಂದೆ ಮುಂದೆ ಸ್ವಲ್ಪ ಓಡಿಸಿದ್ರೆ ತಾನಾಗೇ ಕೆಳಗೆ ಕೂರುತ್ತೆ."

"ಓಡಿಸೋದು ಆಮೇಲೆ. ಇನ್ನೊಂಚೂರು ಇಳಿಸು."

ಪಕ್ಕದ ಪಂಚರ್ ಅಂಗಡಿಯವನು ಬಾಗಿಲಿಗೆ ಬಂದು ನಿಂತಿದ್ದ. "ಇನ್ನೂ ಇಳಿಸಿದ್ರೆ ಇರುವೆಗಳು ಬಗ್ಗಿ ನಡೀಬೇಕಾಗುತ್ತೆ, ಸ್ವಾಮಿ!"

ಬೇರೆ ಗಿರಾಕಿಯಾಗಿದ್ದರೆ ಮೈದುನ ಸ್ಪ್ಯಾನರ್ ಕೆಳಗಿಟ್ಟು ಬಿಡುತ್ತಿದ್ದ. ಅಣ್ಣನ ಮಾತು, ಮತ್ತೆ ಜಾಕ್ ಕೊಟ್ಟು ಇನ್ನಷ್ಟು ಸಡಿಲಿಸಿದ. ಆಮೇಲೆ ಗಾಡಿಯನ್ನು ಹಿಂದೆ ಮುಂದೆ ಓಡಿಸಿ, ಹೊರಗೆ ಗ್ಯಾರೇಜಿನ ಸಿಮೆಂಟು ನೆಲದ ಅಂಚಿನ ಪಕ್ಕಕ್ಕೆ ತಂದು ನಿಲ್ಲಿಸಿ, ಇಳಿದು ಬಗ್ಗಿ ನೋಡಿದ.

"ಅಯ್ಯೋ, ಜಾಸ್ತಿ ಆಯ್ತಣ್ಣ! ಕೆಳಗಿನ ತಡೆ ರಬ್ಬರಿನ ಮೇಲೇ ಕೂತುಬಿಟ್ಟಿದೆ. ಕಲ್ಲು ದಾರಿಗೆ ಇದು ಆಗಲ್ಲ, ನಾಲ್ಕು ಬೆರಳು ಮೇಲೆತ್ತಬೇಕು."

ಅಷ್ಟರಲ್ಲಿ ನನ್ನ ಗಂಡ ಒಂದು ಕೆಮ್ಮು ಕೆಮ್ಮಿ, ಬಾಗಿಲ ಹಿಡಿ ಹಿಡಿದು, ಒಳಗೆ ಕೂತಾಗಿತ್ತು.

"ಏನ್ರೀ ಇದು, ಹುಡುಗನ ಹಾಗೆ ಹಾರಿಬಿಟ್ರಿ!" ಎಂದ ಪಂಚರ್ ಅಂಗಡಿಯವನು.

ಅವರ ಮುಖ ಅರಳಿತು. ಅಂಥ ನಗು ನೋಡಿ ನನಗೆ ಎಷ್ಟು ಕಾಲವಾಗಿತ್ತೋ. "ಮೇಲೆತ್ತೋದೇನೂ ಬೇಡ, ಹೀಗೇ ಇರಲಿ" ಎಂದು ತಮ್ಮನಿಗೆ ಹೇಳಿ, ನಾನು ಪಕ್ಕದಲ್ಲಿ ಹತ್ತಿ ಕೂತ ಮೇಲೆ ಮೆಲ್ಲಗೆ ಅಂದರು: "ನೋಡಿದ್ಯೇನೇ? ತೊಂದರೆ ಇದ್ದಿದ್ದು ಗಾಡೀದು."

ನಾನು ನೋಡಿದ್ದೆ. ನನಗೆ ಈಗ ಮುಖಕ್ಕಿಂತ ಮೊದಲು ಅವರ ಪಾದ ನೋಡುವ ಚಾಳಿ. ಹತ್ತುವಾಗ ಅವರು ನಿಂತಿದ್ದ ಸಿಮೆಂಟು ಅಂಚು, ಗಾಡಿ ನಿಂತ ನೆಲಕ್ಕಿಂತ ಒಂದು ಗೇಣು ಎತ್ತರವಿತ್ತು. "ಹೌದು ರೀ" ಎಂದೆ.

ರಸ್ತೆ ತಿರುವಿನ ಹಂಪನ್ನು ನಿಧಾನವಾಗಿ ದಾಟಿದೆವು. ಗಾಡಿಯ ಹೊಟ್ಟೆ ಎಲ್ಲೂ ತಗಲಲಿಲ್ಲ.

ಮರುದಿನ ಬೆಳಿಗ್ಗೆಯೇ ಗುಡ್ಡದ ಮೇಲಿನ ರೈತನ ಫೋನು. ಪಂಪು ನಿಂತಿದೆ, ದನಗಳಿಗೂ ನೀರಿಲ್ಲ. "ಇನ್ನೇನು ಬಂದೆ ಅನ್ಕೊಳ್ಳಿ" ಎಂದು ಗೆಲುವಾಗಿ ಹೇಳಿ, ಟೂಲ್ ಪೆಟ್ಟಿಗೆ ಎತ್ತಿಕೊಂಡು ಹೊರಟರು. ಕಳಿಸಿಕೊಡಲು ನಾನು ಸೆರಗಿಗೆ ಕೈ ಒರೆಸಿಕೊಂಡರೆ, "ನೀನೇನೂ ಹೊರಗೆ ಬರಬೇಡ" ಎಂದರು.

ಅಡುಗೆಮನೆಯ ಕಿಟಕಿಯಿಂದ ಅಂಗಳ ಕಾಣುತ್ತದೆ. ನಲ್ಲಿಯ ಕೆಳಗೆ ಪಾತ್ರೆ ತುಂಬಿ ಹರಿಯುತ್ತಿತ್ತು. ನಿಲ್ಲಿಸಿದರೆ ನಾನು ಕೆಲಸ ಬಿಟ್ಟು ನಿಂತಿದ್ದೇನೆಂದು ಅವರಿಗೆ ಗೊತ್ತಾದೀತೆಂದು ಹಾಗೆಯೇ ಬಿಟ್ಟೆ. ಕೆಮ್ಮು ಕೇಳಿಸಿತು. ಕಾಲು ಒಳಗೆ ಹೋಯಿತು. ಮೈ ಏಳಲಿಲ್ಲ. ಇನ್ನೊಂದು ಕೆಮ್ಮು. ಗಾಡಿ ಅಷ್ಟು ತಗ್ಗಿ, ಹೊಟ್ಟೆ ನೆಲದ ಸಮೀಪ ಬಂದು, ಅವರನ್ನು ಹತ್ತಿಸಿಕೊಳ್ಳಲೆಂದೇ ಕೂತಂತಿತ್ತು. ಆದರೂ ಸೀಟಿನ ಅಂಚು ಅವರ ಸೊಂಟಕ್ಕೆ ಸಿಗಲಿಲ್ಲ. ಅವರು ಬಾಗಿಲಿಗೆ ಹಣೆ ಕೊಟ್ಟು ಸ್ವಲ್ಪ ಹೊತ್ತು ನಿಂತರು. ನಾನು ಹೋಗಿ ಬೆನ್ನಿಗೆ ಕೈ ಕೊಡಬಹುದಿತ್ತು. ಇಲ್ಲಿ ಕೊಟ್ಟರೆ ಗುಡ್ಡದ ಮೇಲೆ ಇಳಿದು ಮತ್ತೆ ಹತ್ತುವಾಗ ಯಾರು ಕೊಡುತ್ತಾರೆ? ನಾನು ಕದಲಲಿಲ್ಲ.

ಒಳಗೆ ಬಂದು ಮೊದಲು ರೈತನಿಗೆ ಫೋನ್ ಮಾಡಿದರು. "ಬರೋಕಾಗಲ್ಲ, ಬೇರೆಯವರನ್ನ ಕರೆಸ್ಕೊಳ್ಳಿ. ಗಾಡಿ ಕೆಳಗೆ ತಗಲ್ತಿದೆ. ನನ್ನ ತಮ್ಮ ಏನೋ ಎಡವಟ್ಟು ಮಾಡಿಟ್ಟಿದ್ದಾನೆ." ಆಮೇಲೆ ತಮ್ಮನಿಗೆ. "ಇಷ್ಟು ವರ್ಷ ಸ್ಪ್ಯಾನರ್ ಹಿಡಿದು ಏನೋ ಕಲಿತೆ ನೀನು?"

ಮೈದುನ ಓಡಿಬಂದ. ಅಂಗಳದಲ್ಲಿ ಚೀಲ ಹಾಸಿ ಗಾಡಿಯ ಕೆಳಗೆ ತೂರಿಕೊಂಡ. ಎಷ್ಟು ಹುಡುಕಿದರೂ ತಗಲಿದ ಗುರುತು ಸಿಗಲಿಲ್ಲ. ಹೊರಗೆ ಬಂದಾಗ ಅವನ ಮುಖ ಸಣ್ಣಗಾಗಿತ್ತು.

"ತಪ್ಪು ನಂದೇ ಅಣ್ಣ. ಓಡಿಸದೆ ಅಳೆಯೋಕೆ ನಾನು ಒಪ್ಪಬಾರದಿತ್ತು. ಈಗಲೇ ಮೇಲೆತ್ತಿ ಕೊಡ್ತೀನಿ."

ಕೆಳಗೆ ತಗಲುತ್ತಿದೆ ಎಂದಿದ್ದ ನನ್ನ ಗಂಡ ಈಗ ಬೇಡ ಎನ್ನುವ ಹಾಗಿರಲಿಲ್ಲ. "ಹೂಂ" ಎಂದರು.

ಅವನು ನನ್ನ ಕಡೆ ತಿರುಗಿದ. "ಅತ್ತಿಗೆ, ನಿನ್ನೆ ನೀವೂ ಜೊತೇಲಿದ್ರಲ್ಲ. ಎಲ್ಲಿ ತಗಲಿತು? ಆ ಹಂಪಿನಲ್ಲಾ?"

ನನ್ನ ಗಂಡ ತಮ್ಮ ಚಪ್ಪಲಿ ನೋಡುತ್ತ ನಿಂತಿದ್ದರು.

ನಿಜ ಹೇಳಿದರೆ ಮೈದುನನ ತಲೆ ಮೇಲಿನ ತಪ್ಪು ಇಳಿಯುತ್ತಿತ್ತು. ಗಾಡಿ ಕೆಳಗೇ ಉಳಿಯುತ್ತಿತ್ತು. ಆದರೆ ಕೆಳಗೆ ಉಳಿದು ಆಗಬೇಕಾದ್ದಾದರೂ ಏನು? ಅದನ್ನು ಇನ್ನೆಷ್ಟು ಇಳಿಸಿದರೂ ಅವರ ಕಾಲಿನ ಶಕ್ತಿ ಅದಕ್ಕಿಂತ ಮುಂಚೆ ಇಳಿದಿರುತ್ತದೆ.

"ಗೊತ್ತಾಗಲಿಲ್ಲ ಕಣಪ್ಪ" ಎಂದೆ. "ಏನೋ ಮಾತಾಡ್ತಾ ಇದ್ವಿ. ನಾನು ಗಮನಿಸಲಿಲ್ಲ."

ಮೈದುನ ಮತ್ತೆ ಕೆಳಗೆ ಹೋಗಿ ಬೋಲ್ಟು ಬಿಗಿಮಾಡತೊಡಗಿದ. ಸ್ಪ್ಯಾನರಿನ ಒಂದೊಂದು ಎಳೆತಕ್ಕೂ ಗಾಡಿಯ ಮೂತಿ ಕಾಣುವುದೋ ಇಲ್ಲವೋ ಎಂಬಷ್ಟು ಮೇಲೇಳುತ್ತಿತ್ತು. ಮೇಲೇಳುತ್ತಿದ್ದ ಸೀಟಿನ ಅಂಚನ್ನು ನನ್ನ ಗಂಡ ತೆರೆದ ಬಾಗಿಲಿನಿಂದ ನೋಡುತ್ತಿದ್ದರು. ಅವರನ್ನು ನಾನು ನೋಡುತ್ತಿದ್ದೆ. ಕೆಲಸ ಮುಗಿದ ಮೇಲೆ ಅವರು ಮತ್ತೊಂದು ನೆಪ ಹುಡುಕಬೇಕು. ಸಿಗದಿದ್ದರೆ ನಾನು ಹುಡುಕಿಕೊಡಬೇಕು. ಕಿಟಕಿಯಿಂದ ಕಂಡದ್ದನ್ನು ಮೈದುನನಿಗೆ ಹೇಳುವುದಿಲ್ಲ, ಡಾಕ್ಟರಿಗೆ ಹೇಳುವುದಿಲ್ಲ, ಮುಖ್ಯವಾಗಿ ಇವರಿಗೇ ಹೇಳುವುದಿಲ್ಲ ಎಂದು ಆಗಲೇ ತೀರ್ಮಾನಿಸಿದೆ.